ತಾಂಪೆರೆಗೆ ಹೋದ ಬಸ್ ಸ್ಟಾಪಿನ ಪತ್ರ

ಗಾಜಿನ ಕಿಂಡಿ

"ನೀವು ಬಂದ ಉದ್ದೇಶ?" ಎಂದು ಗಾಜಿನ ಹಿಂದೆ ಕೂತಿದ್ದ ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದ. ಈ ಪ್ರಶ್ನೆ ಬಂದೇ ಬರುತ್ತದೆ ಎಂದು ಗೊತ್ತಿದ್ದರಿಂದ ಬಸವೇಶ್ವರನಗರದಿಂದ ಹೆಲ್ಸಿಂಕಿಯವರೆಗೆ ಉತ್ತರವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅರವತ್ತೊಂದನೆಯ ವಯಸ್ಸಿನಲ್ಲಿ ಮೊದಲ ಸಲ ದೇಶ ಬಿಟ್ಟವಳು ನಾನು. ಗಂಟಲು ಸರಿಮಾಡಿಕೊಂಡು, "ನಾನು ಜಡ್ಜ್" ಎಂದೆ.

ಆತ ನೆಟ್ಟಗೆ ಕೂತ. ನನ್ನ ಕಾಟನ್ ಸೀರೆ, ತಲೆಯ ಮೇಲಿನ ಮಂಕಿ ಕ್ಯಾಪು, ಎದೆಗವಚಿಕೊಂಡಿದ್ದ ಚಟ್ನಿಪುಡಿಯ ಚೀಲ ಎಲ್ಲವನ್ನೂ ಒಮ್ಮೆ ನೋಡಿ, "ಯಾವ ನ್ಯಾಯಾಲಯ?" ಎಂದ.

ಜೊತೆಗೆ ಬಂದಿದ್ದ ನಯನಾ ಹಿಂದಿನಿಂದ ನನ್ನ ಸೆರಗು ಜಗ್ಗಿದಳು. "ಆಂಟಿ, ಜಡ್ಜ್ ಅನ್ಬೇಡಿ ಅಂತ ಹೇಳಿರ್ಲಿಲ್ವಾ? ಕಾನ್ಫರೆನ್ಸ್ ಅನ್ನಿ, ಸಾಕು."

ಸಾಕಿತ್ತು ನಿಜ. ಆದರೆ ಶುರುವಾದದ್ದನ್ನು ಅರ್ಧಕ್ಕೆ ನಿಲ್ಲಿಸುವ ಜಾಯಮಾನ ನನ್ನದಲ್ಲ. ಕೋರ್ಟಿನ ಜಡ್ಜ್ ಅಲ್ಲಪ್ಪಾ, ಕಾಗದಗಳ ಜಡ್ಜ್ ಎಂದು ಆ ಮಹಾರಾಯನಿಗೆ ವಿವರಿಸಿದೆ. ಹಿಂದಿನ ಸಾಲು ಬೆಳೆಯಿತು. ಕೊನೆಗೆ ಆತ ನನ್ನ ಮಾತು ನಿಲ್ಲಲಿ ಎಂದೇ ಪಾಸ್‌ಪೋರ್ಟ್ ಕೈಗೆ ಕೊಟ್ಟ ಎಂದು ನಯನಾಳ ಅಭಿಪ್ರಾಯ.

ಅವನಿಗೆ ಹೇಳಿದ್ದನ್ನು ನಿಮಗೂ ಹೇಳಿಬಿಡುತ್ತೇನೆ. ಈಗಿನ ಹುಡುಕುವ ಯಂತ್ರಗಳು ಒಂದು ಪಟ್ಟಿ ಕೊಟ್ಟು ಕೈ ತೊಳೆದುಕೊಳ್ಳುವುದಿಲ್ಲ. "ನಿಮಗೆ ಇದು ಬೇಕಾ, ಅದು ಬೇಕಾ?" ಎಂದು ತಿರುಗಿ ಕೇಳುತ್ತವೆ, ನಮ್ಮ ಉತ್ತರ ಕೇಳಿಕೊಂಡು ಮತ್ತೆ ಹುಡುಕುತ್ತವೆ. ಸೀರೆ ಅಂಗಡಿಯಲ್ಲಿ "ಬಾರ್ಡರ್ ದೊಡ್ಡದಿರ್ಬೇಕಾ ಮೇಡಂ?" ಎಂದು ಕೇಳುತ್ತಾ ಒಂದೊಂದೇ ಸೀರೆ ಬಿಡಿಸುವವರ ಹಾಗೆ. ಇಂಥ ಯಂತ್ರ ಎಷ್ಟು ಚೆನ್ನಾಗಿ ಹುಡುಕುತ್ತದೆ ಎಂದು ಅಳೆಯುವುದೇ ಒಂದು ವಿದ್ಯೆ. ಅದರ ಲೆಕ್ಕ ನಮ್ಮ ಅಕ್ಕಿ ಆರಿಸುವ ಲೆಕ್ಕವೇ. ಆರಿಸಿ ತಂದದ್ದರಲ್ಲಿ ಕಲ್ಲೆಷ್ಟು, ಮೊರದಲ್ಲೇ ಬಿಟ್ಟುಬಂದ ಅಕ್ಕಿ ಎಷ್ಟು ಎಂದು ಎರಡನ್ನೂ ನೋಡುತ್ತಾರೆ. ಆದರೆ ಯಾವುದು ಅಕ್ಕಿ, ಯಾವುದು ಕಲ್ಲು ಎಂದು ಹೇಳುವವರು ಯಾರು? ಯಾರೋ ಮನುಷ್ಯರು ಮೊದಲೇ ಎಲ್ಲ ಕಾಗದಗಳನ್ನು ಓದಿ, "ಈ ಪ್ರಶ್ನೆಗೆ ಇದು ಸಂಬಂಧಪಟ್ಟದ್ದು, ಇದು ಅಲ್ಲ" ಎಂದು ಗುರುತು ಹಾಕಿರಬೇಕು. ಅವರೇ ಜಡ್ಜ್‌ಗಳು. ಕನ್ನಡಕ್ಕೆ ನಾವು ಮೂವರು.

ನಾನು ವಿಜಯನಗರದ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡಿ ಹೋದ ವರ್ಷ ನಿವೃತ್ತಳಾದವಳು, ಗಿರಿಜಾ. ಎರಡನೆಯವರು ಆರ್‌ಪಿಸಿ ಲೇಔಟಿನ ರಂಗಸ್ವಾಮಿ ಮೇಷ್ಟ್ರು; ಎಪ್ಪತ್ತಾರು ವರ್ಷ, ಹೈಸ್ಕೂಲ್ ಹೆಡ್‌ಮಾಸ್ಟರ್ ಆಗಿದ್ದವರು. ಮೂರನೆಯವಳು ಸುಂಕದಕಟ್ಟೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿರುವ ಪ್ರಭಾ. ಹೊಲಿಗೆ ಮಿಷನ್ನಿನ ಪಕ್ಕದಲ್ಲಿ ಸದಾ ಒಂದು ಕಾದಂಬರಿ ಇಟ್ಟುಕೊಂಡಿರುವ ಹೆಣ್ಣು. ಮೇಷ್ಟ್ರ ಹಳೆಯ ಶಿಷ್ಯೆ. ನಮ್ಮ ಮೂವರನ್ನು ಗಂಟುಹಾಕಿದವಳು ನಯನಾ. ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದು, ಕೆಂಗೇರಿ ಕಡೆಯ ಕಾಲೇಜಿಗೆ ಪಾಠ ಮಾಡಲು ಹೋಗುವ ಹುಡುಗಿ. ಹಳೆಯ ಪತ್ರಿಕೆಗಳ ಓದುಗರ ಪತ್ರಗಳನ್ನು ರಾಶಿ ರಾಶಿ ಕಂಪ್ಯೂಟರಿಗೆ ಹಾಕಿಸಿ, ಕನ್ನಡಕ್ಕೂ ಇಂಥದೊಂದು ಪರೀಕ್ಷೆ ಇರಲಿ ಎಂದು ಎರಡು ವರ್ಷದಿಂದ ಒದ್ದಾಡುತ್ತಿದ್ದಳು. ಯಾವ ಯಾವ ಭಾಷೆಗಳು ಪರೀಕ್ಷೆಗೆ ಸೇರಬೇಕು ಎಂದು ತೀರ್ಮಾನಿಸುವ ಸಭೆ ಫಿನ್‌ಲೆಂಡಿನ ತಾಂಪೆರೆಯಲ್ಲಿ. ಪ್ರತಿ ಭಾಷೆಯಿಂದ ಒಬ್ಬ ಜಡ್ಜ್ ಬರಬೇಕು. ಮೇಷ್ಟ್ರಿಗೆ ಮಂಡಿ ನೋವು, ಪ್ರಭಾಳಿಗೆ ಮದುವೆ ಸೀಸನ್ನಿನ ಬ್ಲೌಸುಗಳು. ಹಾಗಾಗಿ ಅದೃಷ್ಟ ನನ್ನ ಬಾಗಿಲು ತಟ್ಟಿತು.

ಸೇರಿದರೇನು, ಬಿಟ್ಟರೇನು ಎಂದು ನಾನೂ ಮೊದಲು ಕೇಳಿದ್ದೆ. ನಯನಾ ಹೇಳಿದ್ದು ಒಂದೇ ಮಾತು: "ಪರೀಕ್ಷೇಲಿ ಬರಲ್ಲ ಅಂದ್ರೆ ಆ ಪಾಠ ಯಾರ್ ಓದ್ತಾರೆ ಆಂಟಿ?"

ರೈಲು, ಟ್ರಾಮು, ಮೌನ

ತಾಂಪೆರೆಯ ರೈಲಿನಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿಯ ಈ ಕಡೆ ಕೆರೆ, ಆ ಕಡೆ ಕೆರೆ. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಮರಗಳ ಸಂದಿಯಿಂದ ಇನ್ನೊಂದು ಇಣುಕುತ್ತಿತ್ತು. "ನೋಡೇ, ನೋಡೇ!" ಎಂದು ನಯನಾಳ ಮೊಣಕೈ ತಿವಿದು ತಿವಿದು ಅವಳ ಕೈ ಕೆಂಪಾಗಿರಬೇಕು. ನಾವು ಜಡ್ಜ್ ಮಾಡಿದ ಪ್ರಶ್ನೆಗಳಲ್ಲಿ ಒಂದು "ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಮುಚ್ಚಿಹೋದ ಕೆರೆಗಳು." ಮುಚ್ಚಿಹೋದ ಕೆರೆಯ ಕಾಗದ ಹಿಡಿದುಕೊಂಡು ಇಷ್ಟು ಕೆರೆಗಳ ದೇಶಕ್ಕೆ ಬಂದಿದ್ದೇನಲ್ಲ ಎನ್ನಿಸಿ ಹೊಟ್ಟೆಕಿಚ್ಚಾಯಿತು.

ಡಬ್ಬಿಯ ತುಂಬ ಜನ. ಒಂದು ಸದ್ದಿಲ್ಲ. ನನ್ನ "ನೋಡೇ" ಬಿಟ್ಟರೆ ಅಷ್ಟು ದೂರವೂ ಮಾತು ಕೇಳಿಸಲಿಲ್ಲ. ಎದುರು ಕೂತಿದ್ದ ಅಜ್ಜಿ ನನ್ನ ಉತ್ಸಾಹ ಕಂಡೋ ಏನೋ ಚೀಲದಿಂದ ಒಂದು ಕರಿ ಮಿಠಾಯಿ ತೆಗೆದು ಕೊಟ್ಟರು. ಚಾಕಲೇಟು ಎಂದುಕೊಂಡು ಬಾಯಿಗೆ ಹಾಕಿದೆ. ಉಪ್ಪು! ಜ್ಯೇಷ್ಠಮಧುವಿಗೆ ಉಪ್ಪು ಕಲಸಿ ಅದನ್ನು ಮಿಠಾಯಿ ಎಂದು ತಿನ್ನುವ ಜನ ಇವರು. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು. ಉಗುಳುವಂತಿಲ್ಲ, ನುಂಗುವಂತಿಲ್ಲ. "ವೆರಿ ಗುಡ್" ಎಂದೆ. ಆಕೆ ಇನ್ನೆರಡು ಕೊಟ್ಟರು.

ಊರು ಸೇರಿದ ಮೇಲೆ ಟ್ರಾಮಿಗೆ ಕಾದೆವು. ಐದು ಜನ ಕಾಯುತ್ತಿದ್ದರು. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಎಮ್ಮೆ ಆರಾಮಾಗಿ ನಿಲ್ಲುವಷ್ಟು ಜಾಗ. ವಿಜಯನಗರದ ಬಸ್ ಸ್ಟ್ಯಾಂಡಿನಲ್ಲಿ ಅಷ್ಟು ಜಾಗ ಬಿಟ್ಟರೆ ಅಲ್ಲಿ ಒಂದು ಕಡಲೆಕಾಯಿ ಗಾಡಿ ಬಂದು ನಿಲ್ಲುತ್ತದೆ. ನಾನು ಅಭ್ಯಾಸಬಲದಿಂದ ಮುಂದಿನವರ ಬೆನ್ನಿಗೇ ಹೋಗಿ ನಿಂತೆ. ಆತ ಒಂದು ಹೆಜ್ಜೆ ಸರಿದ. ಜಾಗ ಕೊಟ್ಟನಲ್ಲ, ಪಾಪ ಎಂದು ನಾನೂ ಒಂದು ಹೆಜ್ಜೆ ಮುಂದೆ ಹೋದೆ. ಹೀಗೆ ನಾವಿಬ್ಬರೂ ಸ್ಟಾಪಿನ ಆ ತುದಿ ಮುಟ್ಟಿದೆವು.

ಸಭೆಯ ಯಜಮಾನಿ ಐನೊ ಎಂಬ ಪ್ರೊಫೆಸರ್. ನನ್ನದೇ ವಯಸ್ಸು, ಬೆಳ್ಳಗಿನ ಬಾಬ್ ಕಟ್. ಮನೆಗೆ ಕರೆದರು. ಹೊಸ್ತಿಲಲ್ಲೇ ಚಪ್ಪಲಿ ಬಿಡಬೇಕು! ನನಗೆ ತವರಿಗೆ ಬಂದಷ್ಟು ಸಂತೋಷವಾಯಿತು. ಕಾಫಿ ನೀರು ನೀರಾಗಿತ್ತು, ಆದರೆ ಜೊತೆಗೆ ಕೊಟ್ಟ ಬನ್ನು ಮುರಿದರೆ ಗಮ್ಮೆಂದು ಏಲಕ್ಕಿ! ಇಷ್ಟು ದೂರದ ಊರಿಗೆ ನಮ್ಮ ಏಲಕ್ಕಿ ನಮಗಿಂತ ಮೊದಲೇ ಬಂದು ಕೂತಿದೆ. ಅದರಲ್ಲಿ ಮೊಟ್ಟೆ ಇದೆಯೇ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಲ್ಲಿಯೇ ಅವರ ಶಿಷ್ಯ ಮಿಕ್ಕೊನ ಪರಿಚಯವಾಯಿತು. ಪರೀಕ್ಷೆಯ ಅಂಕಗಳ ಲೆಕ್ಕ ಹಾಕುವವನು, ಸಣಕಲು ಮನುಷ್ಯ. ನಾನು ಏನು ಹೇಳಿದರೂ ಉಸಿರು ಒಳಕ್ಕೆಳೆದುಕೊಂಡು "ಹ್ಞೊ" ಎನ್ನುತ್ತಿದ್ದ. ಪ್ರತಿ ಸಲವೂ ಏನೋ ಅನಾಹುತ ಹೇಳಿಬಿಟ್ಟೆನೇನೋ ಎಂದು ನನಗೆ ಗಾಬರಿ. ಅದು ಬರಿಯ "ಹೌದು" ಎಂದು ನಯನಾ ಆಮೇಲೆ ಹೇಳಿದಳು. ಇಲ್ಲಿಯ ಜನ ಒಪ್ಪಿಗೆಯನ್ನೂ ಉಸಿರಿನ ಜೊತೆ ಒಳಗೇ ಎಳೆದುಕೊಳ್ಳುತ್ತಾರೆ.

ಒಂದು ವಿಷಯ ಮಾತ್ರ ನನ್ನನ್ನು ತಬ್ಬಿಬ್ಬು ಮಾಡಿತು. ಐನೊ ಏನೋ ಹೇಳುತ್ತಿದ್ದಾಗ ಮಿಕ್ಕೊ ಬನ್ನು ಅಗಿಯುತ್ತಲೇ, "ಇಲ್ಲ, ಅದು ತಪ್ಪು" ಎಂದ. ಗುರುವಿಗೆ! ಅವರದೇ ಮನೆಯಲ್ಲಿ, ಅವರದೇ ಬನ್ನು ತಿನ್ನುತ್ತಾ! ಐನೊ ಸ್ವಲ್ಪ ಯೋಚಿಸಿ "ಹ್ಞೊ" ಎಂದರು, ಅವನ ಬಟ್ಟಲಿಗೆ ಇನ್ನಷ್ಟು ಕಾಫಿ ಸುರಿದರು. ಅಷ್ಟೆ.

ಎರಡನೆಯ ದಿನ: ಶ್ವೇತಾಳ ಇಪ್ಪತ್ತು ನಿಮಿಷ

ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ನೋಡಲು ನನ್ನನ್ನು ಒಂದು ಕೋಣೆಗೆ ಬಿಟ್ಟರು. ಹುಡುಕುವವಳು ಶ್ವೇತಾ, ವಿಜಯನಗರದಲ್ಲಿ ಬೆಳೆದು ಈಗ ತಾಂಪೆರೆಯ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹುಡುಗಿ. ಕನ್ನಡದಲ್ಲಿ ಹುಡುಕಬಲ್ಲವರು ಬೇಕು ಎಂದು ನಯನಾ ಎಲ್ಲಿಂದಲೋ ಪತ್ತೆ ಮಾಡಿದ್ದಳು. ಶ್ವೇತಾಳಿಗೆ ಒಂದು ಪ್ರಶ್ನೆ ಕೊಡುತ್ತಾರೆ. ಇಪ್ಪತ್ತು ನಿಮಿಷದಲ್ಲಿ ಯಂತ್ರದ ಜೊತೆ ಮಾತಾಡುತ್ತಾ ಎಷ್ಟು ಸಂಬಂಧಪಟ್ಟ ಪತ್ರಗಳು ಸಿಗುತ್ತವೋ ಅಷ್ಟನ್ನೂ ಆರಿಸಿ ಬದಿಗಿಡಬೇಕು. ಆಮೇಲೆ ಅವಳ ಆಯ್ಕೆಯನ್ನು ನಮ್ಮ ಮೂವರ ಗುರುತಿನ ಪಕ್ಕದಲ್ಲಿಟ್ಟು ನೋಡುತ್ತಾರೆ. ನನಗೆ ಇದ್ದ ನಿಯಮ ಒಂದೇ: ತುಟಿ ಬಿಚ್ಚಬಾರದು. ನನ್ನನ್ನು ಬಲ್ಲವರಿಗೆ ಆ ಶಿಕ್ಷೆಯ ತೂಕ ಗೊತ್ತು.

ಅವಳ ಪ್ರಶ್ನೆ ಮುಚ್ಚಿಹೋದ ಕೆರೆಗಳದ್ದೇ. ಶ್ವೇತಾ "ಕೆರೆ" ಎಂದು ಬರೆದಳು. ಯಂತ್ರ "ಕೆರೆಯ ನೀರಿನ ಬಗ್ಗೆಯೋ, ಒತ್ತುವರಿಯ ಬಗ್ಗೆಯೋ?" ಎಂದು ಕೇಳಿತು. ನಾನು ಕುರ್ಚಿಯಲ್ಲಿ ಕುಣಿಯುತ್ತಿದ್ದೆ. ಒಂದೊಳ್ಳೆಯ ಪತ್ರವನ್ನು ಅವಳು ದಾಟಿಕೊಂಡು ಹೋದಾಗ ಸೆರಗನ್ನು ಬಾಯಿಗೆ ತುರುಕಿಕೊಂಡೆ. ಹತ್ತು ನಿಮಿಷ ಕಳೆದ ಮೇಲೆ ಅವಳು ಜಾಣತನ ಮಾಡಿದಳು. "ಮಳೆಗಾಲ, ರಸ್ತೆಯಲ್ಲಿ ನೀರು" ಎಂದು ಬರೆದಳು. ತೆರೆಯ ಮೇಲೆ ಬಂತು ನೋಡಿ, ಆ ಬಸ್ ಸ್ಟಾಪಿನ ಪತ್ರ.

ಆ ಪತ್ರ ನನಗೆ ಚೆನ್ನಾಗಿ ನೆನಪಿತ್ತು. ಮೂವತ್ತು ವರ್ಷದ ಹಿಂದೆ ಮಾಗಡಿ ರಸ್ತೆಯ ಪ್ರಯಾಣಿಕರೊಬ್ಬರು ಬರೆದದ್ದು. "ನಮ್ಮ ಬಸ್ ಸ್ಟಾಪಿನಲ್ಲಿ ಮಳೆ ಬಂದರೆ ಮೊಣಕಾಲುದ್ದ ನೀರು. ಚಪ್ಪಲಿ ಕೈಯಲ್ಲಿ ಹಿಡಿದು ಬಸ್ಸು ಹತ್ತುತ್ತೇವೆ. ದಯಮಾಡಿ ನಿಲ್ಲಲು ನಾಲ್ಕು ಕಲ್ಲು ಹಾಕಿಸಿಕೊಡಿ. ಹಿಂದೆ ಇಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದರೆಂದು ಹಳಬರು ಹೇಳುತ್ತಾರೆ." ಕೆರೆ ಎಂಬ ಮಾತು ಪತ್ರದಲ್ಲಿ ಎಲ್ಲೂ ಇಲ್ಲ.

ಶ್ವೇತಾ ಎರಡು ಸಲ ಓದಿ, ಮುಗುಳ್ನಕ್ಕು, ಪತ್ರವನ್ನು ಬದಿಗಿಟ್ಟಳು. ಸಮಯ ಮುಗಿದ ಮೇಲೆ ಅಂಕ ಬಂತು. ಆ ಪತ್ರದ ಮುಂದೆ ಕೆಂಪು ಗುರುತು: ತಪ್ಪು ಆಯ್ಕೆ.

"ಏನ್ ಆಂಟಿ ಇದು?" ಎಂದು ಶ್ವೇತಾ ನನ್ನ ಕಡೆ ತಿರುಗಿದಳು. ಪರೀಕ್ಷೆ ಮುಗಿದಿತ್ತು, ಮಾತಾಡಬಹುದಿತ್ತು. "ಎಮ್ಮೆ ತೊಳೀತಿದ್ರು ಅಂದ್ರೆ ಕೆರೆ ಇತ್ತು ಅಂತಲ್ವಾ? ನಾನೇ ದಡ್ಡೀನಾ?"

ಅವಳು ದಡ್ಡಿಯಲ್ಲ. ಹುಡುಕಿಕೊಟ್ಟ ಯಂತ್ರವೂ ದಡ್ಡ ಅಲ್ಲ. ತಪ್ಪಿದ್ದದ್ದು ಅಳತೆಕೋಲಿನಲ್ಲಿ, ಅಂದರೆ ನನ್ನಲ್ಲಿ.

ಮಧ್ಯಾಹ್ನ ಸಭೆಯಲ್ಲಿ ಮಿಕ್ಕೊ ಒಂದು ಚಿತ್ರ ತೋರಿಸಿದ. ಒಂದೊಂದು ಭಾಷೆಗೆ ಒಂದೊಂದು ಕಂಬ. ಆ ಭಾಷೆಯ ಜಡ್ಜ್‌ಗಳು ಒಬ್ಬರ ಮಾತಿಗೆ ಒಬ್ಬರು ಎಷ್ಟು ಹೊಂದುತ್ತಾರೆ ಎಂಬುದೇ ಕಂಬದ ಎತ್ತರ. ಉಳಿದ ಭಾಷೆಗಳ ಕಂಬಗಳು ಸೊಂಟದ ಮಟ್ಟಕ್ಕೆ, ಎದೆಯ ಮಟ್ಟಕ್ಕೆ ಇದ್ದವು. ನಮ್ಮದು ನೆತ್ತಿ ಮುಟ್ಟಿ ನಿಂತಿತ್ತು. ನನ್ನ ಪಕ್ಕದಲ್ಲಿ ನಯನಾ ಹೆಮ್ಮೆಯಿಂದ ಉಬ್ಬಿದಳು. ಮಿಕ್ಕೊ ಉಬ್ಬಲಿಲ್ಲ.

"ಮೂರು ಮನುಷ್ಯರು ಇಷ್ಟು ಒಪ್ಪುವುದನ್ನು ನಾನು ನೋಡಿಲ್ಲ. ಜಡ್ಜ್‌ಗಳು ಬೇರೆ ಬೇರೆ ಕೂತು ಓದಿದರೇ?" ಎಂದು ಕೇಳಿದ.

"ಖಂಡಿತ" ಎಂದಳು ನಯನಾ. "ತುಂಬ ಶ್ರದ್ಧೆಯ ಜನ ಅವರು."

ಐನೊ ನನ್ನ ಕಡೆ ನೋಡಿದರು. ನಾನು ನೋಟ್ ಪುಸ್ತಕದಲ್ಲಿ ಏನೋ ಬರೆಯುವವಳ ಹಾಗೆ ತಲೆ ತಗ್ಗಿಸಿದೆ.

ಊಟದ ಮೇಜಿನ ಕಥೆ

ಈಗ ಆ ಗುಟ್ಟು ಹೇಳಬೇಕು. ನಯನಾ ಮೊದಲ ದಿನವೇ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದಳು: "ಒಬ್ಬರೇ ಕೂತು ಓದಿ, ಒಬ್ಬರೇ ತೀರ್ಮಾನಿಸಿ." ಹಾಗೇ ಮಾಡಬೇಕೆಂದಿದ್ದೆವು ಕೂಡ. ಆದರೆ ಮೇಷ್ಟ್ರಿಗೆ ಯಾವ ಗುಂಡಿ ಒತ್ತಬೇಕೆಂದು ತೋರಿಸಿಕೊಡಬೇಕಿತ್ತು. ನಮ್ಮ ಮನೆಗೆ ಬಂದರು. ಪ್ರಭಾಳ ಅಂಗಡಿಯಲ್ಲಿ ಇಂಟರ್‌ನೆಟ್ ಸರಿಯಿರಲಿಲ್ಲ. ಅವಳೂ ಬಂದಳು. ಬಂದವರಿಗೆ ಕಾಫಿ ಕೊಡದೆ ಕಳಿಸಲಾದೀತೇ? ಕಾಫಿ ಉಪ್ಪಿಟ್ಟಾಯಿತು, ಒಂದು ದಿನ ಮೂರು ತಿಂಗಳಾಯಿತು. ನಯನಾ ಒಂಬತ್ತಕ್ಕೆ ಸ್ಕೂಟರ್ ಹತ್ತಿ ಕೆಂಗೇರಿಗೆ ಹೊರಟರೆ, ಹತ್ತಕ್ಕೆ ನಮ್ಮ ಊಟದ ಮೇಜಿನ ಮೇಲೆ ಮೂರು ಕಂಪ್ಯೂಟರ್ ತೆರೆದುಕೊಳ್ಳುತ್ತಿದ್ದವು.

ಮೇಷ್ಟ್ರು ಪತ್ರವನ್ನು ಕ್ಲಾಸಿನ ದನಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಓದಿ ಮುಗಿಸಿದ ಉಸಿರಿನಲ್ಲೇ ತೀರ್ಪು: "ಸಂಬಂಧ ಇಲ್ಲ. ಮುಂದಕ್ಕೆ." ನಾವಿಬ್ಬರೂ ಅದೇ ಗುಂಡಿ ಒತ್ತುತ್ತಿದ್ದೆವು. ದೊಡ್ಡವರು ಹೇಳಿದ ಮೇಲೆ ಆಯಿತು. ಬಸ್ ಸ್ಟಾಪಿನ ಪತ್ರದ ದಿನವೂ ಅಷ್ಟೆ. "ಇದ್ರಲ್ಲಿ ಕೆರೆ ಅನ್ನೋ ಪದವೇ ಇಲ್ಲ. ಮುಂದಕ್ಕೆ" ಎಂದರು. ನನಗೆ ಅನುಮಾನ ಬಂದಿತ್ತು. ಪ್ರಭಾ ತಲೆಯೆತ್ತಿ ಏನೋ ಹೇಳುವವಳಂತೆ ಬಾಯಿ ತೆರೆದು, ಮುಚ್ಚಿಕೊಂಡದ್ದನ್ನೂ ನೋಡಿದ್ದೆ. ಒಲೆಯ ಮೇಲೆ ಹಾಲಿತ್ತು. ಗುಂಡಿ ಒತ್ತಿ ಅಡುಗೆಮನೆಗೆ ಓಡಿದೆ.

ಮೂರನೆಯ ದಿನ: ಸೌನಾ

ಮೂರನೆಯ ದಿನ ಸಂಜೆ ಐನೊ ನಮ್ಮನ್ನು ಕೆರೆ ದಡದ ತಮ್ಮ ಮರದ ಮನೆಗೆ ಕರೆದೊಯ್ದರು. ಅಲ್ಲಿ ಸೌನಾ. ಸಣ್ಣ ಮರದ ಕೋಣೆ, ಕಾದ ಕಲ್ಲು, ಅದರ ಮೇಲೆ ನೀರು ಸುರಿದರೆ ಭುಸ್ಸೆಂದು ಆವಿ. ಐನೊ ಹುಟ್ಟುಡುಗೆಯಲ್ಲಿ ನಿರಾಳವಾಗಿ ಕೂತರು. ನಾನು ನೈಟಿ ಬಿಚ್ಚಲು ಸುತರಾಂ ಒಪ್ಪಲಿಲ್ಲ. ದೀಪಾವಳಿಯ ಎಣ್ಣೆನೀರಿಗೆ ಕೂತ ಹಾಗೆ ನೈಟಿಯಲ್ಲೇ ಕೂತೆ. ಸ್ವಲ್ಪ ಹೊತ್ತಿಗೆ ಐನೊ ಎದ್ದು ಹೋಗಿ ತಣ್ಣಗಿನ ಕೆರೆಗೆ ಧುಮುಕಿದರು. ಆವಿಯಲ್ಲಿ ನಾನು, ನಯನಾ ಇಬ್ಬರೇ ಉಳಿದೆವು.

"ನಯನಾ, ನಿನ್ ಹತ್ರ ಒಂದ್ ಮಾತು ಹೇಳ್ಬೇಕು ಕಣೇ" ಎಂದೆ. "ನಾವು ಮೂವರೂ ಒಂದೇ ಮೇಜಲ್ಲಿ ಕೂತ್ಕೊಂಡು ಮಾಡಿದ್ವಿ."

"ಏನ್ ಮಾಡಿದ್ರಿ?"

"ಜಡ್ಜ್‌ಮೆಂಟು. ಎಲ್ಲಾನೂ. ಮೇಷ್ಟ್ರು ಹೇಳೋರು, ನಾವು ಒತ್ತೋರು."

ಅವಳು ಸೌಟು ತೆಗೆದು ಕಲ್ಲಿನ ಮೇಲೆ ಇನ್ನಷ್ಟು ನೀರು ಸುರಿದಳು. ಬೈದಿದ್ದರೆ ಚೆನ್ನಾಗಿತ್ತು. "ನಾನು ಅಷ್ಟು ಜನದ ಮುಂದೆ ಖಂಡಿತ ಅಂದೆ ಆಂಟಿ" ಎಂದಳು ಕೊನೆಗೆ. ಅವಳ ಮುಖದ ಮೇಲಿದ್ದದ್ದು ಬೆವರೋ ಕಣ್ಣೀರೋ ಆ ಬಿಸಿಯಲ್ಲಿ ತಿಳಿಯುತ್ತಿರಲಿಲ್ಲ. ನನಗೆ ನಾಚಿಕೆಯಾಯಿತು. ಎರಡು ವರ್ಷದ ದುಡಿಮೆಯನ್ನು ನಾನು ಉಪ್ಪಿಟ್ಟಿನ ತಟ್ಟೆಯ ಪಕ್ಕದಲ್ಲಿಟ್ಟು ಹಾಳು ಮಾಡಿದ್ದೆ.

ಎದ್ದವಳೇ ನೈಟಿಯಲ್ಲೇ ಹೊರಗೆ ಹೋದೆ. ಐನೊ ಕೆರೆಯಲ್ಲಿ ಕುತ್ತಿಗೆಯವರೆಗೆ ನೀರಿನಲ್ಲಿದ್ದರು. ಕಟ್ಟೆಯ ಮೇಲೆ ನಿಂತು, ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ, ಊಟದ ಮೇಜಿನಿಂದ ಹಿಡಿದು ಬಸ್ ಸ್ಟಾಪಿನವರೆಗೆ ಎಲ್ಲವನ್ನೂ ಹೇಳಿದೆ. ತಪ್ಪು ನಯನಾಳದ್ದಲ್ಲ, ಅವಳು ಹಾಳೆಯಲ್ಲಿ ಬರೆದುಕೊಟ್ಟಿದ್ದಳು ಎಂದು ಎರಡೆರಡು ಸಲ ಹೇಳಿದೆ.

ಐನೊ ನೀರಿನಲ್ಲೇ ನಿಂತು ಯೋಚಿಸಿದರು. "ಹ್ಞೊ" ಎಂದರು. ಆಮೇಲೆ ಹೇಳಿದರು: "ನಾಳೆ ಒಂದು ದಿನ ಇದೆ. ಮಿಕ್ಕೊ ನೂರು ಪತ್ರಗಳನ್ನು ಚೀಟಿ ಎತ್ತಲಿ. ಮೂವರೂ ಬೇರೆ ಬೇರೆ ಕೂತು ಮತ್ತೆ ಓದಿ. ನಂಬುವಂಥ ಉತ್ತರ ಬಂದರೆ ಕನ್ನಡ ಇರುತ್ತದೆ, ಉಳಿದ ಪತ್ರಗಳನ್ನು ಊರಿಗೆ ಹೋಗಿ ಹೀಗೇ ಓದಿ ಮುಗಿಸಿ. ಬರದಿದ್ದರೆ ಎರಡು ವರ್ಷ ಕಾಯಬೇಕು."

ನಾಲ್ಕನೆಯ ದಿನ: ಆರ್‌ಪಿಸಿ ಲೇಔಟಿಗೆ ಫೋನು

ಪ್ರಭಾಳಿಗೆ ಹೇಳುವುದು ಸುಲಭವಾಯಿತು. "ಆಯ್ತಕ್ಕ, ಅಂಗಡಿ ಮುಚ್ಚಿ ಮನೇಲಿ ಕೂತ್ಕೋತೀನಿ" ಎಂದಳು. ಮೇಷ್ಟ್ರಿಗೆ ಹೇಳುವುದು ಹೇಗೆ? ಮತ್ತೆ ಮಾಡಬೇಕು ಎಂದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದು ಹೇಳಿದರೆ ಆ ಸ್ವಾಭಿಮಾನಿ ಮನುಷ್ಯನಿಗೆ ಪೆಟ್ಟು ಬೀಳುತ್ತದೆ. ತಾಂತ್ರಿಕ ತೊಂದರೆ ಎಂದು ಸುಳ್ಳು ಹೇಳಲೇ ಎಂದೂ ಯೋಚಿಸಿದೆ. ಬನ್ನು ಅಗಿಯುತ್ತಾ "ಅದು ತಪ್ಪು" ಎಂದ ಮಿಕ್ಕೊ ನೆನಪಾದ. ಅಲ್ಲಿ ಬೆಳಗಿನ ಎಂಟು ಗಂಟೆ, ಬೆಂಗಳೂರಿನಲ್ಲಿ ಹತ್ತೂವರೆ. ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ.

ಆ ಕಡೆ ಕುಕ್ಕರ್ ಕೂಗಿದ ಸದ್ದು ಕೇಳಿಸಿತು. ಮೇಷ್ಟ್ರು ಕೇಳಿದರು: "ಅಂದ್ರೆ, ನಾನು ಹೇಳಿದ್ದಕ್ಕೆಲ್ಲ ನೀವು ಹೂಂ ಅಂತಿದ್ರಿ?"

"ಎಲ್ಲದಕ್ಕೂ ಅಲ್ಲ ಮೇಷ್ಟ್ರೇ."

"ಎಷ್ಟಕ್ಕೆ?"

"...ಹೆಚ್ಚಿನದಕ್ಕೇ."

ಫೋನ್ ಕಟ್ಟಾಯಿತು. ಮತ್ತೆ ಮಾಡಿದೆ, ಎತ್ತಲಿಲ್ಲ.

ಮಿಕ್ಕೊ ನನ್ನನ್ನು ಒಂದು ಖಾಲಿ ಕೋಣೆಯಲ್ಲಿ ಕೂರಿಸಿ ಬಾಗಿಲು ಮುಂದಕ್ಕೆ ಮಾಡಿಕೊಂಡು ಹೋದ. ಮೇಜು, ಕಂಪ್ಯೂಟರ್, ಕಿಟಕಿಯಾಚೆ ಬರ್ಚ್ ಮರ. ಮೂರು ತಿಂಗಳು ನೂರಾರು ಪತ್ರ ಜಡ್ಜ್ ಮಾಡಿದವಳು ನಾನು. ಆದರೆ ಮೊದಲ ಪತ್ರ ಓದಿ ಮುಗಿಸಿದ ಮೇಲೆ ಯಾರೋ ಏನೋ ಹೇಳಲಿ ಎಂದು ಕಾಯುತ್ತಿದ್ದೆ! ಯಾರೂ ಹೇಳಲಿಲ್ಲ. ನಾನೇ ಮತ್ತೆ ಓದಿದೆ. ಹತ್ತನೆಯ ಪತ್ರದ ಹೊತ್ತಿಗೆ ಭಯ ಹೋಯಿತು. ಇಪ್ಪತ್ತರ ಹೊತ್ತಿಗೆ ಏನೋ ಹುರುಪು ಬಂತು. ಇದು ಇದೆ! ಇದು ಇಲ್ಲವೇ ಇಲ್ಲ! ಲೈಬ್ರರಿಯಲ್ಲಿ ಮೂವತ್ತು ವರ್ಷ ಬೇರೆಯವರಿಗೆ ಬೇಕಾದ ಪುಸ್ತಕ ಹುಡುಕಿಕೊಟ್ಟವಳಿಗೆ ತನ್ನದೇ ಒಂದು ತೀರ್ಮಾನ ಇಷ್ಟು ರುಚಿ ಎಂದು ಗೊತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಸ್ ಸ್ಟಾಪಿನ ಪತ್ರ ಬಂತು. ಚೀಟಿಯಲ್ಲಿ ಅದೂ ಎದ್ದಿತ್ತು. ಓದಿದೆ. ಎಮ್ಮೆಯ ಸಾಲಿಗೆ ಬಂದೆ. "ಸಂಬಂಧ ಇದೆ" ಎಂದು ಒತ್ತಿದೆ. ಕೋಣೆಯಲ್ಲಿ ಒಬ್ಬಳೇ ಇದ್ದರೂ "ಕ್ಷಮಿಸಿ ಮೇಷ್ಟ್ರೇ" ಎಂದು ಬಾಯಿಬಿಟ್ಟು ಹೇಳಿದೆ.

ಸಂಜೆಯಾದರೂ ಮೇಷ್ಟ್ರ ಉತ್ತರಗಳು ಬಂದಿರಲಿಲ್ಲ. ನಯನಾ ಕಂಪ್ಯೂಟರ್ ನೋಡುತ್ತಾ ಕೂತಿದ್ದಳು.

ಐದನೆಯ ದಿನ: ಬಿದ್ದ ಕಂಬ

ಬೆಳಿಗ್ಗೆ ಸಭೆಗೆ ಹೋಗುವಾಗ ನಾನು ಚಟ್ನಿಪುಡಿಯ ಚೀಲವನ್ನು ಯಾಕೋ ಎದೆಗವಚಿಕೊಂಡೇ ಹೋದೆ. ಮಿಕ್ಕೊ ಬಾಗಿಲಲ್ಲೇ ಎದುರಾದ. "ಮೂರನೆಯ ಜಡ್ಜ್ ನಿಮ್ಮೂರಿನ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಶುರುಮಾಡಿದ್ದಾರೆ. ಈಗತಾನೇ ನೂರನೆಯದು ಮುಗಿಯಿತು" ಎಂದ. ನಯನಾ ನನ್ನ ಕೈ ಹಿಡಿದಳು. ನಾನೂ ಬಿಡಲಿಲ್ಲ.

ಆತ ಮತ್ತೆ ಕಂಬಗಳ ಚಿತ್ರ ತೋರಿಸಿದ. ನೆತ್ತಿ ಮುಟ್ಟಿದ್ದ ನಮ್ಮ ಕಂಬ ಇಳಿದು ಇಳಿದು ಎದೆಯ ಮಟ್ಟಕ್ಕೆ ಬಂದು ನಿಂತಿತು, ಉಳಿದ ಭಾಷೆಗಳ ಪಕ್ಕದಲ್ಲಿ, ಅವುಗಳ ಸಮಕ್ಕೆ. ಐನೊ ಚಪ್ಪಾಳೆ ತಟ್ಟಿದರು. ಇಡೀ ಕೋಣೆ ತಟ್ಟಿತು. ಅಂಕ ಕಡಿಮೆಯಾದದ್ದಕ್ಕೆ ಚಪ್ಪಾಳೆ ಗಿಟ್ಟಿಸಿದ್ದು ನನ್ನ ವಂಶದಲ್ಲಿ ನಾನೇ ಮೊದಲು.

"ಈಗ ಇವರು ಮೂರು ಜನ" ಎಂದರು ಐನೊ. "ಕನ್ನಡ ಇರಲಿ."

ನಯನಾ ನನ್ನನ್ನು ತಬ್ಬಿಕೊಂಡಳು. ಚಟ್ನಿಪುಡಿಯ ಗಂಟು ಬಿಚ್ಚಿಹೋಯಿತು. ಸಭೆಯ ರತ್ನಗಂಬಳಿಯ ಮೇಲೆ ಬ್ಯಾಡಗಿ ಮೆಣಸಿನಕಾಯಿಯ ಘಾಟು ಎದ್ದು ಆ ಮೌನಿ ಜನರೆಲ್ಲ ಒಟ್ಟಿಗೆ ಸೀನಿದರು. ಆ ಐದು ದಿನಗಳಲ್ಲಿ ನಾನು ಕೇಳಿದ ದೊಡ್ಡ ಗದ್ದಲ ಅದೇ.

ಹೊರಗೆ ಬಂದಾಗ ನನ್ನ ಫೋನ್ ಬಡಿದುಕೊಂಡಿತು. ಮೇಷ್ಟ್ರು.

"ಗಿರಿಜಮ್ಮಾ, ಆ ಬಸ್ ಸ್ಟಾಪ್ ಕಾಗದಕ್ಕೆ ಏನ್ ಒತ್ತಿದೆ?"

"ಇದೆ ಅಂತ, ಮೇಷ್ಟ್ರೇ."

"ನಾನು ಇಲ್ಲ ಅಂತ. ಈಗ್ಲೂ ಇಲ್ಲ ಅಂತ್ಲೇ." ಮೇಷ್ಟ್ರು ಮುಂದುವರಿಸಿದರು: "ನಿನ್ನೆ ಫೋನ್ ಇಟ್ಟಿದ್ದು ಕೋಪಕ್ಕಲ್ಲ ಕಣಮ್ಮ. ಮೂವತ್ತೆಂಟು ವರ್ಷ ಪಾಠ ಮಾಡ್ದೆ. ಎಷ್ಟ್ ಜನ ಹಿಂಗೇ ಹೂಂ ಅಂದಿರ್ಬೋದು ಅಂತ ಯೋಚ್ನೆ ಬಂತು. ರಾತ್ರಿಯೆಲ್ಲ ಅದೇ." ಆಮೇಲೆ ಹಳೆಯ ಕ್ಲಾಸಿನ ದನಿ ವಾಪಸು ಬಂತು. "ಇರ್ಲಿ. ಬೇಗ ಬಾ. ಆ ನೂರು ಹೆಂಗೂ ಮುಗೀತು, ಇನ್ನು ಅದ್ರ ಬಗ್ಗೆ ಜಗಳ ಆಡ್ಬೋದು."

ಬಸವೇಶ್ವರನಗರ

ಊರಿಗೆ ಬಂದು ಪೆಟ್ಟಿಗೆ ಬಿಚ್ಚುವ ಮೊದಲೇ ಇಬ್ಬರೂ ಬಂದು ಕೂತಿದ್ದರು. ನಾನು ಏಲಕ್ಕಿ ಬನ್ನು, ಟ್ರಾಮು, ನೈಟಿ, ಸೌನಾ ಎಲ್ಲ ಒಂದೇ ಉಸಿರಿಗೆ ಹೇಳಲು ಹೊರಟೆ. ಉಪ್ಪಿನ ಮಿಠಾಯಿ ಕೊಟ್ಟೆ. ಮೇಷ್ಟ್ರು ಅದನ್ನು ಬಾಯಿಗೆ ಹಾಕಿಕೊಂಡು, ಮುಖ ಕಿವುಚಿ, "ಇದು ಕೆಮ್ಮಿಗೆ ಒಳ್ಳೇದು" ಎಂದರು. ನಂತರ ಜೇಬಿನಿಂದ ಮಡಿಸಿದ ಹಾಳೆ ತೆಗೆದು ಊಟದ ಮೇಜಿನ ಮೇಲೆ ಹರಡಿದರು. ಬಸ್ ಸ್ಟಾಪಿನ ಪತ್ರವನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿಸಿಕೊಂಡು ಬಂದಿದ್ದರು.

ಪ್ರಭಾ ಅಭ್ಯಾಸದಂತೆ, "ನೀವೇ ಓದಿ ಹೇಳಿ ಮೇಷ್ಟ್ರೇ" ಎಂದಳು.

"ಊಹೂಂ. ಇನ್ಮೇಲೆ ನಾನು ಕೊನೇಲಿ" ಎಂದರು ಮೇಷ್ಟ್ರು. ನಾನು ಬಾಯಿ ತೆರೆದೆ. ಅವರು ನನ್ನ ಕಡೆ ಕೈ ಎತ್ತಿ ತಡೆದರು. ಹಾಳೆಯನ್ನು ಪ್ರಭಾಳ ಮುಂದಕ್ಕೆ ಸರಿಸಿದರು. "ನೀನೂ ಇದೆ ಅಂತ ಒತ್ತಿದೀಯಂತೆ. ಯಾಕಮ್ಮ? ನೀನು ಹೇಳು ಮೊದ್ಲು."

ಪ್ರಭಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಹಾಳೆಯ ಕಡೆ ನೋಡಲೂ ಇಲ್ಲ.

"ನಮ್ಮಪ್ಪ ಎಮ್ಮೆ ತೊಳೀತಿದ್ದಿದ್ದು ಅಲ್ಲೇ ಮೇಷ್ಟ್ರೇ" ಎಂದಳು. "ನಾನು ದಡದಲ್ಲಿ ಕೂತ್ಕೊಂಡು ಅವರ ಚಪ್ಪಲಿ ಕಾಯ್ತಿದ್ದೆ."

ಮೂರು ತಿಂಗಳು ಇದೇ ಕುರ್ಚಿಯಲ್ಲಿ ಕೂತು ನನ್ನ ಉಪ್ಪಿಟ್ಟು ತಿಂದವಳು. ಆ ಕೆರೆಯನ್ನು ಕಣ್ಣಾರೆ ಕಂಡವಳು ನಮ್ಮ ಮೂವರಲ್ಲಿ ಅವಳೊಬ್ಬಳೇ. ಅವಳನ್ನು ನಾವು ಯಾರೂ ಕೇಳಿರಲಿಲ್ಲ.

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮುಂದಕ್ಕೆ" ಎನ್ನುತ್ತಾರೇನೋ ಎಂದು ನಾನು ಅವರ ಬಾಯನ್ನೇ ನೋಡುತ್ತಿದ್ದೆ.

"ಆಮೇಲೆ?" ಎಂದರು.